ಒಂದು ಸೀಟು ಗೆದ್ದವರು ದೇಶದ ದಿಕ್ಕು ಬದಲಿಸಿದ್ದು ಹೇಗೆ?

2015ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಿತು. ಯುರೋಪಿಯನ್ ಒಕ್ಕೂಟದಿಂದ ಹೊರಬರಬೇಕು ಎಂದು 1993ರಿಂದ ಜಪ ಮಾಡುತ್ತಿದ್ದ ಯುಕಿಪ್ ಪಕ್ಷಕ್ಕೆ 38 ಲಕ್ಷಕ್ಕೂ ಜಾಸ್ತಿ ಮತ ಬಿತ್ತು. ಸಿಕ್ಕಿದ್ದು ಮಾತ್ರ ಒಂದೇ ಒಂದು ಸೀಟು. ಅದೇ ಚುನಾವಣೆಯಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಸುಮಾರು 14.5 ಲಕ್ಷ ಮತದಲ್ಲೇ 56 ಸೀಟು ಬಾಚಿಕೊಂಡಿತ್ತು. ಯುಕಿಪ್ ನಾಯಕ ನೈಜೆಲ್ ಫರಾಜ್ ತಾನು ನಿಂತ ಕ್ಷೇತ್ರದಲ್ಲೇ ಸೋತರು. ಇನ್ನೇನು, ಇವರ ಕಥೆ ಮುಗಿಯಿತು ಅಂತ ಅನ್ನಿಸಬೇಕು ಅಲ್ವಾ?

ಹದಿಮೂರು ತಿಂಗಳ ನಂತರ, 2016ರ ಜೂನ್ 23ರಂದು, ಶೇ. 51.9 ಮತದೊಂದಿಗೆ ಬ್ರಿಟನ್ ಒಕ್ಕೂಟ ಬಿಡುವ ತೀರ್ಮಾನ ಮಾಡಿತು. ಪ್ರಧಾನಿ ಡೇವಿಡ್ ಕ್ಯಾಮರನ್ ರಾಜೀನಾಮೆ ಕೊಟ್ಟು ಹೋದರು. ಸಂಸತ್ತಿನಲ್ಲಿ ಒಬ್ಬನೇ ಒಬ್ಬ ಸದಸ್ಯನಿದ್ದ ಪಕ್ಷದ ಬೇಡಿಕೆ ಇಡೀ ದೇಶದ ನೀತಿಯಾಯಿತು.

ಇಂಥ ಪಕ್ಷಗಳ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಅವುಗಳ ನಾಯಕರ ಸುತ್ತಲೇ ಗಿರಕಿ ಹೊಡೆಯುತ್ತದೆ. ಆ ಮನುಷ್ಯನ ಮಾತಿನ ಧಾಟಿ, ವಿಡಿಯೊ, ಸಭೆಗೆ ಸೇರಿದ ಜನ. ಅದೆಲ್ಲ ಇದ್ದದ್ದೇ. ಆದರೆ ಒಂದೊಂದೇ ದೇಶದ ಲೆಕ್ಕ ತೆಗೆದು ನೋಡಿದರೆ ಬೇರೆಯೇ ಕಾಣುತ್ತದೆ. ಸಿಟ್ಟಿನ ಪಕ್ಷದ ಹಣೆಬರಹವನ್ನು ಹೆಚ್ಚಾಗಿ ಬರೆಯುವುದು ಅದರ ಪಕ್ಕದಲ್ಲಿ ನಿಂತಿರುವ ಹಳೆಯ ದೊಡ್ಡ ಪಕ್ಷ. ಆ ದೊಡ್ಡ ಪಕ್ಷ ಯಾವಾಗ ಹೆದರಿತು, ಹೆದರಿ ಏನು ಮಾಡಿತು ಎನ್ನುವುದನ್ನು ನೋಡಬೇಕು.

ಬ್ರಿಟನ್ನಿನಲ್ಲೇ ನೋಡಿ. 2006ರಲ್ಲಿ ಕ್ಯಾಮರನ್ ಯುಕಿಪ್‌ನವರನ್ನು ತಲೆಕೆಟ್ಟವರು, ಒಳಗೊಳಗೇ ಜನಾಂಗದ್ವೇಷ ಇಟ್ಟುಕೊಂಡವರು ಎಂದು ರೇಡಿಯೊದಲ್ಲಿ ಗೇಲಿ ಮಾಡಿದ್ದರು. 2013ರ ಜನವರಿಯಲ್ಲಿ ಅದೇ ಕ್ಯಾಮರನ್, ಒಕ್ಕೂಟದಲ್ಲಿ ಇರಬೇಕೇ ಬೇಡವೇ ಎಂದು ಜನರನ್ನೇ ಕೇಳುವ ಜನಮತಗಣನೆಯ ಭರವಸೆ ಕೊಟ್ಟರು. ಆಗ ಯುಕಿಪ್‌ನಿಂದ ಸಂಸತ್ತಿಗೆ ಗೆದ್ದುಬಂದವರು ಯಾರೂ ಇರಲಿಲ್ಲ. ಮತ್ತೆ ಭಯ ಯಾಕೆ? ಒಂದು ಕ್ಷೇತ್ರದಲ್ಲಿ ಯಾರಿಗೆ ಎಲ್ಲರಿಗಿಂತ ಜಾಸ್ತಿ ಮತವೋ ಅವರೇ ಗೆಲ್ಲುವ ಪದ್ಧತಿಯಲ್ಲಿ, ನಿಮ್ಮ ಮತ ಒಡೆಯುವವನು ತಾನು ಗೆಲ್ಲಬೇಕಾಗಿಲ್ಲ. ನಿಮ್ಮನ್ನು ಸೋಲಿಸಿದರೆ ಸಾಕು. ಕ್ಯಾಮರನ್ ಪಕ್ಷದ, ಮಂತ್ರಿಗಿರಿ ಇಲ್ಲದ ಹಿಂದಿನ ಬೆಂಚಿನ ಸದಸ್ಯರಿಗೆ ತಮ್ಮ ತಮ್ಮ ಕ್ಷೇತ್ರದ ಲೆಕ್ಕ ಚೆನ್ನಾಗಿ ಗೊತ್ತಿತ್ತು. 2014ರ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಯುಕಿಪ್ ಮೊದಲ ಸ್ಥಾನಕ್ಕೇ ಬಂದಾಗ ಆ ಲೆಕ್ಕ ಸುಳ್ಳಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಇವರು ಯಾರು?

ಇವರನ್ನು ಎಡ, ಬಲ ಎಂದು ಸುಲಭವಾಗಿ ವಿಂಗಡಿಸಲು ಆಗುವುದಿಲ್ಲ. ಗ್ರೀಸಿನ ಸಿರಿಝಾ, ಸ್ಪೇನಿನ ಪೊಡೆಮೊಸ್ ಎಡಪಂಥದವು. ಫ್ರಾನ್ಸಿನ ಲೆ ಪೆನ್ ಕುಟುಂಬದ ಪಕ್ಷ ಕಡು ಬಲಪಂಥದ್ದು. ಇಟಲಿಯ ಫೈವ್ ಸ್ಟಾರ್ ಚಳವಳಿ ನಾವು ಎಡವೂ ಅಲ್ಲ ಬಲವೂ ಅಲ್ಲ ಎನ್ನುತ್ತಲೇ ಬೆಳೆಯಿತು. ಎಲ್ಲರಲ್ಲೂ ಸಮಾನವಾಗಿರುವುದು ಒಂದು ಸರಳ ಕಥೆ. ಒಂದು ಕಡೆ ಒಳ್ಳೆಯ ಜನಸಾಮಾನ್ಯರು, ಇನ್ನೊಂದು ಕಡೆ ಅವರನ್ನು ಮೋಸ ಮಾಡುತ್ತಿರುವ ಮೇಲಿನವರು. ಆ ಮೇಲಿನವರು ಯಾರು ಎನ್ನುವುದು ಪಕ್ಷದಿಂದ ಪಕ್ಷಕ್ಕೆ ಬದಲಾಗುತ್ತದೆ. ಒಬ್ಬರಿಗೆ ಬ್ಯಾಂಕಿನವರು, ಇನ್ನೊಬ್ಬರಿಗೆ ಬ್ರಸೆಲ್ಸಿನಲ್ಲಿ ಕೂತು ಯುರೋಪಿಯನ್ ಒಕ್ಕೂಟ ನಡೆಸುವ ಅಧಿಕಾರಿಗಳು, ಮತ್ತೊಬ್ಬರಿಗೆ ಪತ್ರಕರ್ತರು, ಪ್ರೊಫೆಸರುಗಳು. ಬಲಪಂಥದವರಾದರೆ ಈ ಕಥೆಗೆ ಮೂರನೆಯವರನ್ನೂ ಸೇರಿಸುತ್ತಾರೆ: ವಲಸೆ ಬಂದವರು. ಮೇಲಿನವರು ಇವರನ್ನು ಒಳಗೆ ಬಿಟ್ಟರು, ನಿಮ್ಮ ಪಾಲನ್ನು ಇವರಿಗೆ ಕೊಟ್ಟರು ಎನ್ನುವ ದೂರು.

ಇದು ಹೊಸದೇನಲ್ಲ. 1953ರ ಜುಲೈನಲ್ಲಿ ಫ್ರಾನ್ಸಿನ ಸೇಂಟ್ ಸೆರೆ ಎಂಬ ಪುಟ್ಟ ಊರಿಗೆ ತೆರಿಗೆ ಅಧಿಕಾರಿಗಳು ಅಂಗಡಿಗಳ ಲೆಕ್ಕ ತಪಾಸಣೆಗೆ ಬರುತ್ತಾರೆ ಎಂಬ ಸುದ್ದಿ ಹಬ್ಬಿತು. ಪಿಯೆರ್ ಪೂಜಾಡ್ ಎಂಬ ಸ್ಟೇಷನರಿ ಅಂಗಡಿಯವನು ಊರಿನ ವ್ಯಾಪಾರಿಗಳನ್ನೆಲ್ಲ ಒಟ್ಟುಗೂಡಿಸಿ ಅಧಿಕಾರಿಗಳನ್ನು ವಾಪಸ್ ಕಳಿಸಿದ. ಅಷ್ಟೇ. ಆದರೆ ಸುದ್ದಿ ಊರಿಂದೂರಿಗೆ ಹರಡಿತು. ಮೂರು ವರ್ಷ ತುಂಬುವುದರೊಳಗೆ, 1956ರ ಜನವರಿಯ ಚುನಾವಣೆಯಲ್ಲಿ, ಪೂಜಾಡ್‌ನ ಚಳವಳಿ 52 ಸೀಟು ಗೆದ್ದಿತು. ಈಗ ಕುಳಿತವರನ್ನೆಲ್ಲ ಹೊರಗೆ ಹಾಕಿ ಎನ್ನುವುದೇ ಅವರ ಘೋಷಣೆ. ಸೂಪರ್ ಮಾರ್ಕೆಟ್ಟುಗಳು ಬರುತ್ತಿದ್ದ ಕಾಲ, ಹಳ್ಳಿಗಳು ಖಾಲಿಯಾಗುತ್ತಿದ್ದ ಕಾಲ. ಸಣ್ಣ ಅಂಗಡಿಯವರ ಕಾಲಡಿಯ ನೆಲ ಕುಸಿಯುತ್ತಿತ್ತು, ಪ್ಯಾರಿಸ್‌ನಲ್ಲಿದ್ದವರು ಅದನ್ನು ಪ್ರಗತಿ ಎಂದು ಕರೆಯುತ್ತಿದ್ದರು. 1958ರಲ್ಲಿ ಜನರಲ್ ಡಿ ಗಾಲ್ ಅಧಿಕಾರಕ್ಕೆ ಬಂದು ಆಡಳಿತ ವ್ಯವಸ್ಥೆಯನ್ನೇ ಬದಲಿಸಿದಾಗ ಪೂಜಾಡ್ ಪಕ್ಷ ಹೇಳಹೆಸರಿಲ್ಲದಂತಾಯಿತು. ಆ 52 ಜನರಲ್ಲಿ 27 ವರ್ಷದ ಒಬ್ಬ ಹುಡುಗನಿದ್ದ. ಹೆಸರು ಜಾನ್ ಮಾರಿ ಲೆ ಪೆನ್.

ಡೆನ್ಮಾರ್ಕಿನ ಮೊಗೆನ್ಸ್ ಗ್ಲಿಸ್ಟ್ರಪ್ ಇನ್ನೂ ಮಜಾ ಮನುಷ್ಯ. ತೆರಿಗೆ ವಕೀಲ. 1971ರಲ್ಲಿ ಟಿವಿಯಲ್ಲಿ ತನ್ನ ತೆರಿಗೆ ಕಾರ್ಡು ತೋರಿಸಿ, ನೋಡಿ, ನಾನು ಕಟ್ಟುವುದು ಸೊನ್ನೆ ಎಂದ. ತೆರಿಗೆ ತಪ್ಪಿಸುವವರು ಯುದ್ಧಕಾಲದಲ್ಲಿ ನಾಜಿಗಳ ವಿರುದ್ಧ ರೈಲು ಹಳಿ ಕಿತ್ತವರ ಸಾಲಿಗೆ ಸೇರಿದವರು ಎಂದೂ ಹೇಳಿದ. ಸೈನ್ಯವನ್ನೇ ರದ್ದು ಮಾಡಿ, ರಷ್ಯನ್ ಭಾಷೆಯಲ್ಲಿ 'ನಾವು ಶರಣಾಗಿದ್ದೇವೆ' ಎನ್ನುವ ಆನ್ಸರಿಂಗ್ ಮಷೀನ್ ಇಟ್ಟರೆ ಸಾಕು ಎನ್ನುವುದು ಅವನ ರಕ್ಷಣಾ ನೀತಿ. ಜನ ನಕ್ಕರು. 1973ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಶೇ. 15.9 ಮತ ಕೊಟ್ಟು ಸಂಸತ್ತಿನ ಎರಡನೇ ದೊಡ್ಡ ಪಕ್ಷ ಮಾಡಿದರು. ಮುಂದೆ ತೆರಿಗೆ ವಂಚನೆಗೇ ಅವನು ಜೈಲಿಗೆ ಹೋದ. ಅವನ ಪಕ್ಷದಿಂದ ಒಡೆದು 1995ರಲ್ಲಿ ಹುಟ್ಟಿದ್ದೇ ಡ್ಯಾನಿಷ್ ಪೀಪಲ್ಸ್ ಪಾರ್ಟಿ. ಅದರ ಕಥೆಗೆ ಆಮೇಲೆ ಬರೋಣ.

ಜನ ಇವರ ಹಿಂದೆ ಹೋಗುವುದಕ್ಕೆ ಬಡತನವೇ ಕಾರಣ ಎನ್ನುವವರಿದ್ದಾರೆ, ವಲಸೆಯೇ ಕಾರಣ ಎನ್ನುವವರೂ ಇದ್ದಾರೆ. ಎರಡರಲ್ಲೂ ನಿಜವಿದೆ. ಆದರೆ ಬಡತನವೂ ವಲಸೆಯೂ ಇದ್ದು ಇಂಥ ಪಕ್ಷ ತಲೆ ಎತ್ತದ ಕಾಲವೂ ಇತ್ತು. ಆಗ ಸಿಟ್ಟು ಬಂದವನು ಒಂದು ದೊಡ್ಡ ಪಕ್ಷ ಬಿಟ್ಟು ಇನ್ನೊಂದಕ್ಕೆ ಮತ ಹಾಕುತ್ತಿದ್ದ. ಇಬ್ಬರೂ ಒಂದೇ ಎಂದು ಅನ್ನಿಸಲು ಶುರುವಾದಾಗ ಆ ದಾರಿ ಮುಚ್ಚಿಹೋಗುತ್ತದೆ. ಗ್ರೀಸಿನಲ್ಲಿ ಆದದ್ದು ಇದೇ. 2009ರಲ್ಲಿ ಸಮಾಜವಾದಿ ಪಾಸೊಕ್ ಶೇ. 43.9 ಮತ ಪಡೆದು ಸರ್ಕಾರ ಮಾಡಿತು. ಸಾಲದ ಬಿಕ್ಕಟ್ಟು ಬಂತು, ಸಂಬಳ ಪಿಂಚಣಿಗೆ ಕತ್ತರಿ ಬಿತ್ತು. ಬದ್ಧ ವೈರಿಯಾಗಿದ್ದ ಬಲಪಂಥದ ನ್ಯೂ ಡೆಮಾಕ್ರಸಿ ಜೊತೆಗೇ ಸೇರಿ ಪಾಸೊಕ್ ಆ ಕತ್ತರಿಯನ್ನು ಹಿಡಿದುಕೊಂಡಿತು. 2015ರ ಜನವರಿಯಲ್ಲಿ ಪಾಸೊಕ್‌ಗೆ ಬಿದ್ದದ್ದು ಶೇ. 4.7. ಸಿರಿಝಾ ಅಧಿಕಾರಕ್ಕೆ ಬಂತು.

ಜರ್ಮನಿಯಲ್ಲಿ ಆಗ ಸರ್ಕಾರದ ಮುಖ್ಯಸ್ಥೆಯಾಗಿದ್ದ ಏಂಜೆಲಾ ಮರ್ಕೆಲ್ ಯೂರೊ ಕರೆನ್ಸಿ ಉಳಿಸುವ ಸಾಲದ ಪ್ಯಾಕೇಜುಗಳಿಗೆ ಬೇರೆ ದಾರಿಯೇ ಇಲ್ಲ ಎನ್ನುತ್ತಿದ್ದರು. ಸಂಸತ್ತಿನ ದೊಡ್ಡ ಪಕ್ಷಗಳೆಲ್ಲ ಹೆಚ್ಚುಕಡಿಮೆ ಹೂಂಗುಟ್ಟುತ್ತಿದ್ದವು. ಒಪ್ಪದವರು ಎಲ್ಲಿಗೆ ಹೋಗಬೇಕು? 2013ರಲ್ಲಿ ಕೆಲವು ಅರ್ಥಶಾಸ್ತ್ರದ ಪ್ರೊಫೆಸರುಗಳು ಸೇರಿ ಎಎಫ್‌ಡಿ ಎಂಬ ಪಕ್ಷ ಕಟ್ಟಿದರು. ಹೌದು, ಇಂದು ಪ್ರೊಫೆಸರುಗಳನ್ನು ಕಂಡರಾಗದ ಪಕ್ಷ ಶುರುವಾದದ್ದು ಪ್ರೊಫೆಸರುಗಳಿಂದಲೇ. 2015ರಲ್ಲಿ ನಿರಾಶ್ರಿತರು ಲಕ್ಷಗಟ್ಟಲೆ ಬಂದ ಮೇಲೆ ಯೂರೊ ವಿಷಯ ಮೂಲೆಗೆ ಸರಿಯಿತು, ಪಕ್ಷದ ಸ್ವರೂಪವೇ ಬದಲಾಯಿತು. ಬೇಡಿಕೆ ಬದಲಾದರೂ ಪಕ್ಷ ಬೆಳೆದದ್ದನ್ನು ಗಮನಿಸಿ. ದೊಡ್ಡ ಪಕ್ಷಗಳು ಎಡವುವುದು ಇಲ್ಲೇ. ಅವು ಬೇಡಿಕೆಗೆ ಉತ್ತರ ಕೊಡುತ್ತವೆ. ನಮ್ಮ ಮಾತು ಯಾರೂ ಕೇಳುತ್ತಿಲ್ಲ ಎನ್ನುವ ದೂರು ಹಾಗೇ ಉಳಿದುಬಿಡುತ್ತದೆ.

ದೊಡ್ಡವರು ಏನು ಮಾಡುತ್ತಾರೆ

ಮೊದಲು ಮೂಗು ಮುರಿಯುತ್ತಾರೆ. ಇದು ಎಲ್ಲ ದೇಶದಲ್ಲೂ ಒಂದೇ. ಬಹಳಷ್ಟು ಸಲ ಇದು ಫಲಿಸುತ್ತದೆ ಕೂಡ. ಕಡೆಗಣಿಸಿದ್ದರಿಂದಲೇ ಸತ್ತುಹೋದ ಸಣ್ಣಪುಟ್ಟ ಪಕ್ಷಗಳು ಸುದ್ದಿಯಾಗುವುದಿಲ್ಲ, ಅಷ್ಟೇ.

ಕೆಲವೊಮ್ಮೆ ಹೊಸ ಪಕ್ಷವನ್ನು ಎದುರಾಳಿಯ ಮೇಲೆ ಛೂ ಬಿಡುವುದೂ ಉಂಟು. ಫ್ರಾನ್ಸಿನ ಸಮಾಜವಾದಿ ಅಧ್ಯಕ್ಷ ಮಿತ್ತೆರಾಂ 1986ರ ಚುನಾವಣೆಗೆ ಮತದ ಪ್ರಮಾಣಕ್ಕೆ ತಕ್ಕಂತೆ ಸೀಟು ಕೊಡುವ ಪದ್ಧತಿ ತಂದರು. ಬಲಪಂಥದ ದೊಡ್ಡ ಪಕ್ಷಗಳ ಗೆಲುವನ್ನು ಕುಗ್ಗಿಸುವುದು ಅದರ ಒಂದು ಉದ್ದೇಶ ಎಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಲೆ ಪೆನ್‌ರ ನ್ಯಾಷನಲ್ ಫ್ರಂಟ್‌ಗೆ 35 ಸೀಟು ಸಿಕ್ಕಿತು. ಎರಡು ವರ್ಷದ ನಂತರದ ಚುನಾವಣೆಯ ಹೊತ್ತಿಗೆ ಕ್ಷೇತ್ರವಾರು ಎರಡು ಸುತ್ತಿನ ಹಳೆಯ ಪದ್ಧತಿ ವಾಪಸ್ ಬಂದಿತ್ತು. ಮತ ಹೆಚ್ಚುಕಡಿಮೆ ಅಷ್ಟೇ, ಸೀಟು ಮಾತ್ರ ಒಂದು. ಆದರೆ ಅಷ್ಟರಲ್ಲಿ ದೇಶದ ತುಂಬ ಆ ಪಕ್ಷ ಗೊತ್ತಾಗಿತ್ತು. 2002ರಲ್ಲಿ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಲೆ ಪೆನ್ ಶೇ. 16.9 ಪಡೆದು, ಮಿತ್ತೆರಾಂ ಅವರದೇ ಪಕ್ಷದ ಜೋಸ್ಪಾಂ ಅವರನ್ನು ಮೂರನೇ ಸ್ಥಾನಕ್ಕೆ ತಳ್ಳಿದರು.

ಇನ್ನು ನಕಲು ಮಾಡುವುದು. ಅವರ ಬೇಡಿಕೆಯನ್ನೇ ನಾವು ಎತ್ತಿಕೊಂಡರೆ ಅವರಿಗೇನು ಕೆಲಸ ಎನ್ನುವ ಲೆಕ್ಕಾಚಾರ. ಜನ ನಕಲಿಗಿಂತ ಅಸಲಿಯನ್ನೇ ಆರಿಸುತ್ತಾರೆ ಎಂದು ಲೆ ಪೆನ್ ಹೇಳುತ್ತಿದ್ದರು. 2007ರಲ್ಲಿ ಅದು ಸುಳ್ಳಾಯಿತು. ವಲಸೆ, ಪೊಲೀಸು, ಶಿಸ್ತು ಎಂದು ಗಟ್ಟಿಯಾಗಿ ಮಾತಾಡಿದ ನಿಕೊಲಾ ಸರ್ಕೋಜಿ ಲೆ ಪೆನ್ ಮತವನ್ನು ಶೇ. 10.4ಕ್ಕೆ ಇಳಿಸಿ ಅಧ್ಯಕ್ಷರಾದರು. ಐದು ವರ್ಷ ಕಳೆಯಿತು. ಆಡಿದ್ದರಲ್ಲಿ ಆದದ್ದು ಕಡಿಮೆ. 2012ರಲ್ಲಿ ಮಗಳು ಮರೀನ್ ಲೆ ಪೆನ್ ಶೇ. 17.9 ಪಡೆದರು. ಆ ಮಾತುಗಳೆಲ್ಲ ಅಷ್ಟರಲ್ಲಿ ಸಭ್ಯವಾಗಿಬಿಟ್ಟಿದ್ದವು, ಅಧ್ಯಕ್ಷರೇ ಆಡಿದ ಮೇಲೆ ಇನ್ನೇನು!

ನಕಲು ಫಲಿಸಿದ ಉದಾಹರಣೆ ಎಂದು ಎಲ್ಲರೂ ಬೆರಳು ತೋರಿಸುವುದು ಡೆನ್ಮಾರ್ಕಿನ ಕಡೆಗೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಅರ್ಧ ಕಥೆ ಹೇಳುವವರೇ ಜಾಸ್ತಿ. 2015ರಲ್ಲಿ ಡ್ಯಾನಿಷ್ ಪೀಪಲ್ಸ್ ಪಾರ್ಟಿ ಶೇ. 21.1 ಮತ ಪಡೆದು ಬಲಪಂಥದ ಬಣದಲ್ಲೇ ದೊಡ್ಡ ಪಕ್ಷವಾಯಿತು. ಸರ್ಕಾರಕ್ಕೆ ಬನ್ನಿ ಎಂದರೆ ಬರಲಿಲ್ಲ. ಹೊರಗಿದ್ದು ಒತ್ತಡ ಹಾಕುವುದೇ ಚೆನ್ನ ಎಂದುಕೊಂಡರು. ಅದೇ ಹೊತ್ತಿಗೆ ಸೋಷಿಯಲ್ ಡೆಮಾಕ್ರಟರ ನಾಯಕಿಯಾದ ಮೆಟ್ಟೆ ಫ್ರೆಡರಿಕ್ಸನ್ ವಲಸೆ ವಿಷಯದಲ್ಲಿ ಪಕ್ಷವನ್ನು ಪೂರ್ತಿ ಬಿಗಿ ನಿಲುವಿಗೆ ತಿರುಗಿಸಿದರು. ನಿರಾಶ್ರಿತರ ಬಳಿ 10,000 ಕ್ರೋನರ್‌ಗಿಂತ ಜಾಸ್ತಿ ಬೆಲೆಯ ಸೊತ್ತಿದ್ದರೆ ಖರ್ಚಿಗೆಂದು ಕಿತ್ತುಕೊಳ್ಳಬಹುದು ಎನ್ನುವ 2016ರ ಕಾನೂನಿಗೂ ಅವರ ಪಕ್ಷ ಕೈ ಎತ್ತಿತು. 2019ರಲ್ಲಿ ಡ್ಯಾನಿಷ್ ಪೀಪಲ್ಸ್ ಪಾರ್ಟಿ ಶೇ. 8.7ಕ್ಕೆ ಕುಸಿಯಿತು, 2022ರಲ್ಲಿ ಶೇ. 2.6ಕ್ಕೆ. ಫ್ರೆಡರಿಕ್ಸನ್ 2019ರಲ್ಲೇ ಪ್ರಧಾನಿಯಾದರು.

ಇಲ್ಲಿಗೆ ನಿಲ್ಲಿಸಿದರೆ ಪಾಠ ಸುಲಭ. ಆದರೆ 2019ರಲ್ಲಿ ಸೋಷಿಯಲ್ ಡೆಮಾಕ್ರಟರ ಮತವೇನೂ ಏರಲಿಲ್ಲ. ಶೇ. 26.3 ಇದ್ದದ್ದು 25.9 ಆಯಿತು. ಒಂದು ಕಡೆಯಿಂದ ಬಂದವರಷ್ಟೇ ಜನ ಇನ್ನೊಂದು ಕಡೆಯಿಂದ ಹೋದರು. ಹೋದವರಲ್ಲಿ ಅನೇಕರು ಎಡಬಣದ ಮಿತ್ರಪಕ್ಷಗಳಿಗೇ ಹೋದದ್ದರಿಂದ ಒಟ್ಟು ಲೆಕ್ಕ ಸರಿಹೋಯಿತು. ಇನ್ನೊಂದು ಸಂಗತಿಯನ್ನು ಜನ ಮರೆಯುತ್ತಾರೆ. ಆ ಚುನಾವಣೆಯಲ್ಲಿ ಫ್ರೆಡರಿಕ್ಸನ್ ಮುಂದಿಟ್ಟದ್ದು ವಲಸೆಯನ್ನು ಮಾತ್ರವಲ್ಲ. ಚಿಕ್ಕ ವಯಸ್ಸಿನಿಂದ ದುಡಿದು ಮೈ ಸವೆಸಿಕೊಂಡ ಬಿಯರ್ ಕಾರ್ಖಾನೆಯ ಕಾರ್ಮಿಕನೊಬ್ಬನ ಫೋಟೊವನ್ನು ಪೋಸ್ಟರಿನಲ್ಲಿ ಹಾಕಿ, ಇಂಥವರಿಗೆ ಬೇಗ ನಿವೃತ್ತಿ ಕೊಡುತ್ತೇವೆ ಎಂದರು. 2020ರಲ್ಲಿ ಆ ಪಿಂಚಣಿಗೆ ಸಂಸತ್ತಿನಲ್ಲಿ ಒಪ್ಪಂದವನ್ನೂ ಮಾಡಿಸಿಕೊಂಡರು. ನನ್ನ ಮಟ್ಟಿಗೆ ಕಥೆಯ ತಿರುಳು ಇದೇ. ಡ್ಯಾನಿಷ್ ಪೀಪಲ್ಸ್ ಪಾರ್ಟಿಗೆ ಹೋಗಿದ್ದ ಕಾರ್ಮಿಕರಿಗೆ ಹಳೆಯ ಪಕ್ಷ ತಮ್ಮ ಹೆಸರು ಹಿಡಿದು ಕರೆದಂತೆ ಅನ್ನಿಸಿತು.

ಕೊನೆಯ ತಿರುವು ಇನ್ನೂ ಇದೆ. 2022ರಲ್ಲಿ ಆ ಪಕ್ಷ ಶೇ. 2.6ಕ್ಕೆ ಇಳಿದರೂ ಸಿಟ್ಟಿನ ಮತ ಅಷ್ಟೇ ಇಳಿಯಲಿಲ್ಲ. ವಲಸೆ ಸಚಿವೆಯಾಗಿದ್ದಾಗ ಕಾನೂನು ಮೀರಿದ್ದಕ್ಕೆ 2021ರಲ್ಲಿ ಶಿಕ್ಷೆಗೆ ಒಳಗಾಗಿದ್ದ ಇಂಗರ್ ಸ್ಟೊಯ್ಬರ್ಗ್ ಕಟ್ಟಿದ ಹೊಚ್ಚ ಹೊಸ ಪಕ್ಷಕ್ಕೆ ಶೇ. 8.1 ಬಂತು. ಇನ್ನೊಂದು ಸಣ್ಣ ಪಕ್ಷಕ್ಕೆ ಶೇ. 3.7. ಮೂರನ್ನೂ ಕೂಡಿಸಿದರೆ ಶೇ. 14ರ ಮೇಲೆ. ಜೊತೆಗೆ, ನಕಲಿಗೆ ಬೆಲೆ ತೆತ್ತವರು ಮತದಾರರಲ್ಲ, ಸೊತ್ತು ಕಳೆದುಕೊಳ್ಳಬಹುದಾದ ನಿರಾಶ್ರಿತರು. ಚುನಾವಣಾ ತಂತ್ರದ ಚರ್ಚೆಯಲ್ಲಿ ಅವರು ಲೆಕ್ಕಕ್ಕೇ ಬರುವುದಿಲ್ಲ.

ಒಳಗೆ ಕರೆದರೆ?

ಅಧಿಕಾರ ಕೊಟ್ಟು ನೋಡಿ, ತಾವಾಗಿಯೇ ಬಣ್ಣ ಬಯಲಾಗುತ್ತದೆ ಎನ್ನುವವರಿದ್ದಾರೆ. ಆಸ್ಟ್ರಿಯಾ ಇದನ್ನು ಮಾಡಿತು. 1999ರಲ್ಲಿ ಯೋರ್ಗ್ ಹೈದರ್ ಅವರ ಫ್ರೀಡಂ ಪಾರ್ಟಿ ಶೇ. 26.9 ಪಡೆಯಿತು. 2000ದಲ್ಲಿ ವೊಲ್ಫ್‌ಗಾಂಗ್ ಶುಸೆಲ್ ಅವರ ಪೀಪಲ್ಸ್ ಪಾರ್ಟಿ ಅದನ್ನು ಸರ್ಕಾರಕ್ಕೆ ಸೇರಿಸಿಕೊಂಡಿತು. ಯುರೋಪಿಯನ್ ಒಕ್ಕೂಟದ ಉಳಿದ 14 ದೇಶಗಳು ಕೆಲವು ತಿಂಗಳು ಆಸ್ಟ್ರಿಯಾವನ್ನು ದೂರವಿಟ್ಟವು. ಸಚಿವರಾದವರಿಗೂ ಬೀದಿಯಲ್ಲೇ ಉಳಿದವರಿಗೂ ಜಗಳ ಹತ್ತಿ ಪಕ್ಷ ಒಡೆಯುವ ಹಂತಕ್ಕೆ ಬಂತು. 2002ರಲ್ಲಿ ಮತ ಶೇ. 10ಕ್ಕೆ ಇಳಿಯಿತು. ಶುಸೆಲ್ ಗೆದ್ದರು. ಜಾಣತನ ಎಂದರೆ ಇದು ಎಂದು ಎಲ್ಲರೂ ತಲೆದೂಗಿದರು. 2024ರ ಸೆಪ್ಟೆಂಬರಿನಲ್ಲಿ ಅದೇ ಫ್ರೀಡಂ ಪಾರ್ಟಿ ಶೇ. 28.8ರೊಂದಿಗೆ ದೇಶದಲ್ಲೇ ಮೊದಲ ಸ್ಥಾನಕ್ಕೆ ಬಂತು. ನಡುವೆ ಇನ್ನೊಮ್ಮೆ ಸರ್ಕಾರ ಸೇರಿ, 2019ರಲ್ಲಿ ಇಬಿಜಾ ದ್ವೀಪದ ಗುಪ್ತ ವಿಡಿಯೊ ಹೊರಬಿದ್ದು ಮಾನ ಕಳೆದುಕೊಂಡದ್ದೂ ಅದನ್ನು ಮುಗಿಸಲಿಲ್ಲ.

ಇಟಲಿಯಲ್ಲಿ ಅಧಿಕಾರ ನಿಜಕ್ಕೂ ಹೊಡೆತ ಕೊಟ್ಟಿತು. ಹಾಸ್ಯನಟ ಬೆಪ್ಪೆ ಗ್ರಿಲ್ಲೊ 2007ರಲ್ಲಿ ಬೊಲೋನ್ಯ ನಗರದ ಚೌಕದಲ್ಲಿ ಜನ ಸೇರಿಸಿ ರಾಜಕಾರಣಿಗಳಿಗೆ ಹಿಗ್ಗಾಮುಗ್ಗಾ ಬೈದರು. ಶಿಕ್ಷೆಯಾದವರು ಸಂಸತ್ತಿಗೆ ಬರಬಾರದು, ಎರಡು ಅವಧಿಗಿಂತ ಜಾಸ್ತಿ ಯಾರೂ ಇರಬಾರದು ಎನ್ನುವುದು ಬೇಡಿಕೆ. 2009ರಲ್ಲಿ ಫೈವ್ ಸ್ಟಾರ್ ಚಳವಳಿ ಹುಟ್ಟಿತು. 2018ರಲ್ಲಿ ಶೇ. 32.7 ಪಡೆದು ಅತಿದೊಡ್ಡ ಪಕ್ಷವಾಯಿತು. ಮೊದಲು ಬಲಪಂಥದ ಲೀಗ್ ಜೊತೆ ಸರ್ಕಾರ. ಅದು ಮುರಿದು ಬಿದ್ದ ಮೇಲೆ, ಹಿಂದೆ ವಾಚಾಮಗೋಚರ ಬೈದಿದ್ದ ಡೆಮಾಕ್ರಟಿಕ್ ಪಾರ್ಟಿ ಜೊತೆ. 2021ರಲ್ಲಿ ಯುರೋಪಿಯನ್ ಕೇಂದ್ರ ಬ್ಯಾಂಕಿನ ಮಾಜಿ ಮುಖ್ಯಸ್ಥ ಮಾರಿಯೊ ದ್ರಾಗಿ ಪ್ರಧಾನಿಯಾದಾಗ ಅವರಿಗೂ ಬೆಂಬಲ. ಮೇಲಿನವರ ವಿರುದ್ಧ ಹುಟ್ಟಿದ ಪಕ್ಷ ಬ್ಯಾಂಕರನ ಸರ್ಕಾರದಲ್ಲಿ ಕುಳಿತಿತ್ತು! 2022ರಲ್ಲಿ ಮತ ಶೇ. 15.4. ಸುಮ್ನೆ ಕೂತಿದ್ದರು ಎನ್ನಲಾಗದು. ಸಂಸದರ ಸಂಖ್ಯೆಯನ್ನು 945ರಿಂದ 600ಕ್ಕೆ ಇಳಿಸಿದರು, ಬಡವರಿಗೆ ಮಾಸಿಕ ನೆರವು ತಂದರು. ಆದರೆ ಅವರಿಂದ ಕಳಚಿಕೊಂಡ ಸಿಟ್ಟು ಹಳೆಯ ಪಕ್ಷಗಳಿಗೆ ವಾಪಸ್ ಹೋಗಲಿಲ್ಲ. ದ್ರಾಗಿ ಸರ್ಕಾರದಿಂದ ಹೊರಗೇ ಉಳಿದಿದ್ದ ಜಾರ್ಜಿಯಾ ಮೆಲೋನಿ ಗೆದ್ದು ಪ್ರಧಾನಿಯಾದರು.

ಗೋಡೆ ಕಟ್ಟಿದರೆ?

ಉಳಿದದ್ದು ಗೋಡೆ. ಯಾರು ಏನೇ ಮತ ಹಾಕಲಿ, ಇವರ ಜೊತೆ ಸರ್ಕಾರ ಮಾಡುವುದಿಲ್ಲ ಎಂದು ಉಳಿದೆಲ್ಲ ಪಕ್ಷಗಳು ಆಣೆ ಹಾಕಿಕೊಳ್ಳುವುದು. ಬೆಲ್ಜಿಯಂನಲ್ಲಿ ಫ್ಲೆಮಿಷ್ (ಅಂದರೆ ಡಚ್ ಮಾತಾಡುವ ಉತ್ತರ ಭಾಗದ) ರಾಷ್ಟ್ರೀಯವಾದಿ ಪಕ್ಷ ಫ್ಲಾಮ್ಸ್ ಬ್ಲಾಕ್ ಸುತ್ತ ಮೂವತ್ತಕ್ಕೂ ಹೆಚ್ಚು ವರ್ಷದಿಂದ ಇಂಥ ಗೋಡೆ ಇದೆ. ಆ ಪಕ್ಷದ ಕೈಗೆ ರಾಜ್ಯವಾಗಲಿ ಕೇಂದ್ರವಾಗಲಿ ಸಿಕ್ಕಿಲ್ಲ. ಆ ಮಟ್ಟಿಗೆ ಗೋಡೆ ಗಟ್ಟಿ. ಮತ ಮಾತ್ರ ಏರಿಳಿಯುತ್ತಲೇ ಬಂತು. 2004ರ ಫ್ಲೆಮಿಷ್ ಚುನಾವಣೆಯಲ್ಲಿ ಶೇ. 24. ಅದೇ ವರ್ಷ ಜನಾಂಗದ್ವೇಷದ ವಿರುದ್ಧದ ಕಾನೂನಿನಡಿ ಪಕ್ಷದ ಅಂಗಸಂಸ್ಥೆಗಳನ್ನು ಕೋರ್ಟು ತಪ್ಪಿತಸ್ಥ ಎಂದಿತು, ಪಕ್ಷ ಹೆಸರು ಬದಲಿಸಿಕೊಂಡು ಫ್ಲಾಮ್ಸ್ ಬೆಲಾಂಗ್ ಆಯಿತು. 2014ರಲ್ಲಿ ಶೇ. 5.9ಕ್ಕೆ ಇಳಿಯಿತು. ಇಳಿಸಿದ್ದು ಗೋಡೆಯಲ್ಲ, ಎನ್-ವಿಎ ಎನ್ನುವ ಇನ್ನೊಂದು ಫ್ಲೆಮಿಷ್ ಪಕ್ಷ. ಜನಾಂಗದ್ವೇಷದ ಕಳಂಕವಿಲ್ಲದೆ ಫ್ಲೆಮಿಷ್ ಸ್ವಾಭಿಮಾನದ ಮಾತಾಡುವ ಬಾಗಿಲನ್ನು ಅದು ತೆರೆದಿತ್ತು. ಎನ್-ವಿಎ ಸರ್ಕಾರ ಸೇರಿ ಹಳೆಯ ಪಕ್ಷವಾಗುತ್ತಿದ್ದಂತೆ ಮತ ಮತ್ತೆ ವಾಪಸ್ ಹೋಯಿತು. 2024ರಲ್ಲಿ ಬೆಲಾಂಗ್‌ಗೆ ಶೇ. 22.7.

ಗೋಡೆಯ ನಿಜವಾದ ಕಷ್ಟ ಗಣಿತದ್ದು. ಒಳಗಿನವರು ಶೇ. 10 ಇದ್ದಾಗ ಗೋಡೆ ಸುಲಭ. ಶೇ. 30 ದಾಟಿದಾಗ ಹೊರಗಿರುವ ಎಲ್ಲರೂ, ಅಂದರೆ ಒಬ್ಬರ ಮುಖ ಒಬ್ಬರು ನೋಡದವರೂ, ಒಂದೇ ಸರ್ಕಾರದಲ್ಲಿ ಕೂರಬೇಕಾಗುತ್ತದೆ. ಆಮೇಲೆ 'ಇವರೆಲ್ಲ ಒಂದೇ' ಎನ್ನುವ ಆರೋಪಕ್ಕೆ ಉತ್ತರ ಹೇಳುವುದು ಕಷ್ಟ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಜರ್ಮನಿಯ ಥುರಿಂಜಿಯಾ ರಾಜ್ಯ. 2020ರ ಫೆಬ್ರವರಿ 5ರಂದು ಅಲ್ಲಿನ ಶಾಸನಸಭೆ ಮುಖ್ಯಮಂತ್ರಿಯನ್ನು ಆರಿಸುತ್ತಿತ್ತು. ಮೂರನೇ ಸುತ್ತಿನಲ್ಲಿ ಎಎಫ್‌ಡಿ ತನ್ನ ಅಭ್ಯರ್ಥಿಗೆ ಒಂದೂ ಮತ ಹಾಕದೆ, ಎಲ್ಲವನ್ನೂ ಪುಟ್ಟ ಎಫ್‌ಡಿಪಿ ಪಕ್ಷದ ಥೋಮಾಸ್ ಕೆಮ್ಮೆರಿಖ್ ಕಡೆಗೆ ತಿರುಗಿಸಿತು. ಮರ್ಕೆಲ್ ಅವರ ಪಕ್ಷದ ಶಾಸಕರೂ ಅವರಿಗೇ ಮತ ಹಾಕಿದ್ದರು. ಕೆಮ್ಮೆರಿಖ್ 45-44ರಿಂದ ಗೆದ್ದರು. ಎಡಪಕ್ಷದ ನಾಯಕಿ ಅಭಿನಂದಿಸಲು ಎದ್ದು ಬಂದವರು ಹೂಗುಚ್ಛವನ್ನು ಅವರ ಕಾಲ ಬುಡಕ್ಕೆ ಎಸೆದು ಹೋದರು. ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿದ್ದ ಮರ್ಕೆಲ್ ಇದು ಕ್ಷಮಿಸಲಾಗದ್ದು ಎಂದರು. ಮೂರೇ ದಿನದಲ್ಲಿ ಕೆಮ್ಮೆರಿಖ್ ರಾಜೀನಾಮೆ ಕೊಟ್ಟರು. ಮರ್ಕೆಲ್ ಪಕ್ಷದ ಅಧ್ಯಕ್ಷೆಯೂ ಆ ಹುದ್ದೆ ಬಿಡುವುದಾಗಿ ಹೇಳಿದರು. ಎಎಫ್‌ಡಿ ಒಂದು ಕುರ್ಚಿಯೂ ಕೇಳದೆ ಎರಡು ಪಕ್ಷಗಳನ್ನು ಅಲ್ಲಾಡಿಸಿಬಿಟ್ಟಿತ್ತು.

2024ರ ಸೆಪ್ಟೆಂಬರಿನಲ್ಲಿ ಅದೇ ರಾಜ್ಯದಲ್ಲಿ ಎಎಫ್‌ಡಿ ಶೇ. 32.8 ಪಡೆದು ಮೊದಲ ಸ್ಥಾನಕ್ಕೆ ಬಂತು. ಗೋಡೆಯ ಈ ಕಡೆ ಇದ್ದ ಕ್ರಿಶ್ಚಿಯನ್ ಡೆಮಾಕ್ರಟರು (ಮರ್ಕೆಲ್ ಪಕ್ಷದವರು), ಸೋಷಿಯಲ್ ಡೆಮಾಕ್ರಟರು ಮತ್ತು ಎಡಪಕ್ಷದಿಂದ ಒಡೆದು ಬಂದಿದ್ದ ಹೊಸ ಪಕ್ಷವೊಂದು ಸೇರಿ ಸರ್ಕಾರ ಮಾಡಿದರು. ಮೂವರನ್ನೂ ಕೂಡಿಸಿದರೆ 88ರಲ್ಲಿ ಸರಿಯಾಗಿ 44, ಬಹುಮತಕ್ಕೆ ಒಂದು ಕಡಿಮೆ. ಡಿಸೆಂಬರಿನಲ್ಲಿ ಕ್ರಿಶ್ಚಿಯನ್ ಡೆಮಾಕ್ರಟ್ ಮಾರಿಯೊ ಫೋಗ್ಟ್ 51 ಮತಗಳಿಂದ ಮುಖ್ಯಮಂತ್ರಿಯಾದದ್ದು ಎಡಪಕ್ಷದ ನೆರವಿನಿಂದ. ಆ ಎಡಪಕ್ಷದ ಜೊತೆಗೂ ಕೈಜೋಡಿಸುವುದಿಲ್ಲ ಎಂದು ಅವರ ಪಕ್ಷ 2018ರಲ್ಲೇ ನಿರ್ಣಯ ಮಾಡಿಕೊಂಡಿತ್ತು. ಎಎಫ್‌ಡಿ ಬಳಿ 32 ಸೀಟುಗಳಿವೆ, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಹಾಗಾಗಿ ನ್ಯಾಯಾಧೀಶರ ಆಯ್ಕೆ ಸಮಿತಿಗೆ ಸದಸ್ಯರನ್ನು ಆರಿಸುವಂಥ, ಮೂರನೇ ಎರಡರಷ್ಟು ಬಹುಮತ ಬೇಕಾದ ಯಾವ ತೀರ್ಮಾನವೂ ಅವರು ಬೇಡ ಎಂದರೆ ಆಗುವುದಿಲ್ಲ.